ಮೂರು ಮಡಿಕೆಯ ಕೊಡೆ ಪ್ರತಿ ಸಲವೂ ಅದೇ ಕೀಲಿನಲ್ಲಿ ಕೆಡುವುದೇಕೆ?

ಮಡಿಕೇರಿ_ಮಳೆಗಾಲ:

ಎಲ್ಲರಿಗೂ ನಮಸ್ಕಾರ. ಜೂನ್ ಬಂತೆಂದರೆ ಮಡಿಕೇರಿಯ ಅಂಗಡಿಗಳ ಮುಂದೆ ಮಡಚುವ ಕೊಡೆಗಳು ಸಾಲಾಗಿ ತೂಗುತ್ತವೆ. ಕಕ್ಕಡ ತಿಂಗಳು (ಜುಲೈ-ಆಗಸ್ಟ್) ಮುಗಿಯುವಷ್ಟರಲ್ಲಿ ಅವುಗಳಲ್ಲಿ ಹಲವು ಕಡ್ಡಿ ಮುರಿದು ಮೂಲೆ ಸೇರಿರುತ್ತವೆ. ನಮ್ಮ ಮನೆಯಲ್ಲಿ ಹಾಗೆ ಮೂಲೆ ಸೇರಿದ ಕೊಡೆಗಳನ್ನೆಲ್ಲ ಈಚೆಗೆ ಮೇಜಿನ ಮೇಲೆ ಹರಡಿ ನೋಡಿದೆ. ಅಂಗಡಿ ಬೇರೆ, ಬೆಲೆ ಬೇರೆ, ಬಣ್ಣ ಬೇರೆ. ಆದರೆ ಕೆಟ್ಟಿರುವ ಜಾಗ ಒಂದೇ. ಪ್ರತಿಯೊಂದು ಕಡ್ಡಿಯೂ ಮೂರು ತುಂಡುಗಳಿಂದಾಗಿದೆಯಲ್ಲ, ಅದರ ಎರಡನೆಯ ಮತ್ತು ಮೂರನೆಯ ತುಂಡು ಸೇರುವ ಕಡೆ ಒಂದು ಸಣ್ಣ ತಂತಿ ಕೊಕ್ಕೆಯಂತೆ ಬಾಗಿ ಒಂದು ತೂತಿನೊಳಗೆ ಕೂತಿರುತ್ತದೆ. ಆ ತೂತು ಸವೆದು ಮೊಟ್ಟೆಯಾಕಾರಕ್ಕೆ ತಿರುಗಿದೆ. ಕೊಡೆ ಪೂರ್ತಿ ಬಿಚ್ಚಿದರೂ ಕೊನೆಯ ತುಂಡು ನೇರವಾಗಿ ನಿಲ್ಲದೆ ಜೋತುಬೀಳುತ್ತದೆ. ಒಂದು ಗಾಳಿ ಬೀಸಿದರೆ ಅಲ್ಲಿಂದಲೇ ಮುರಿಯುತ್ತದೆ.

ನನ್ನ ಪ್ರಶ್ನೆ ಇಷ್ಟು: ಇದು ಅಗ್ಗದ ತಗಡಿನ ದೋಷವೋ, ಅಥವಾ ಮಡಚುವ ಕೊಡೆಯ ರಚನೆಯಲ್ಲೇ ಇರುವ ದೌರ್ಬಲ್ಯವೋ? ಐದು ಮಡಿಕೆಯ ಕೊಡೆಯಾದರೆ ಇದು ಇನ್ನೂ ಹೆಚ್ಚಾಗಬೇಕಲ್ಲವೇ? ಯಾವ ಕಂಪನಿಯ ಕೊಡೆ ಒಳ್ಳೆಯದು ಎಂಬ ಸಲಹೆಗಿಂತ, ಒಳಗೆ ಏನು ನಡೆಯುತ್ತದೆ ಎಂಬುದನ್ನು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಸೋಮವಾರಪೇಟೆ_ಕಾಫಿ:

ಕೊಡಗಿನ ಮಳೆಗೆ ಮಡಚುವ ಕೊಡೆ ಹೇಳಿದ್ದಲ್ಲ. ಬಾಗಿದ ಮರದ ಹಿಡಿಯ ಉದ್ದ ಕೊಡೆಯೊಂದು ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದ ಇದೆ. ಬಟ್ಟೆ ಬದಲಾಗಿದೆ, ಕಡ್ಡಿಗಳು ಹಾಗೆಯೇ ಇವೆ. ತೋಟದೊಳಗೆ ಇಳಿಜಾರಿನಲ್ಲಿ ಊರಿಕೊಂಡು ನಡೆಯುವುದಕ್ಕೂ ಅದೇ ಆಗುತ್ತದೆ. ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಬೆಳಗಿನ_ಬಸ್ಸು:

ಸೋಮವಾರಪೇಟೆಯ ಅಣ್ಣ, ತೋಟಕ್ಕೆ ಹೋಗುವವರಿಗೆ ನೀವು ಹೇಳಿದ್ದು ಸರಿ. ನಾನು ವಿರಾಜಪೇಟೆಯಿಂದ ದಿನವೂ ನಿಂತುಕೊಂಡು ಬಸ್ಸಿನಲ್ಲಿ ಶಾಲೆಗೆ ಹೋಗುವವಳು. ಒಂದು ಕೈಯಲ್ಲಿ ಕಂಬಿ, ಹೆಗಲಿನಲ್ಲಿ ಚೀಲ, ಪಕ್ಕದಲ್ಲಿ ಮಕ್ಕಳು. ಆ ಇಕ್ಕಟ್ಟಿನಲ್ಲಿ ನೀರು ಸೋರುವ ಮೂರಡಿಯ ಕೊಡೆಯನ್ನು ಎಲ್ಲಿ ಇಡುವುದು? ಚೀಲದೊಳಗೆ ಹಿಡಿಯುವ ಕೊಡೆ ನಮಗೆ ಬೇಕೇ ಬೇಕು. ಪ್ರಶ್ನೆ ಕೇಳಿದವರು ಅದರ ರಚನೆಯನ್ನು ಕೇಳಿದ್ದಾರೆ, ದಯವಿಟ್ಟು ಅದಕ್ಕೆ ಉತ್ತರ ಬರಲಿ.

ಕುಶಾಲನಗರದ_ಮೇಷ್ಟ್ರು:

ನಾನು ಪಾಲಿಟೆಕ್ನಿಕ್ ಮಕ್ಕಳಿಗೆ ಯಂತ್ರಗಳ ಚಲನೆಯ ಪಾಠ ಮಾಡುತ್ತೇನೆ. ಕೊಡೆಯನ್ನು ತರಗತಿಗೆ ಒಯ್ಯುವುದುಂಟು, ಏಕೆಂದರೆ ಇಷ್ಟು ಕಡಿಮೆ ಬೆಲೆಗೆ ಇಷ್ಟು ಪಾಠ ಕಲಿಸುವ ಸಾಧನ ಬೇರೊಂದಿಲ್ಲ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲು ಉದ್ದ ಕೊಡೆಯನ್ನು ನೋಡಿ. ಒಂದು ಕಡ್ಡಿಯ ಮಟ್ಟಿಗೆ ಅದರಲ್ಲಿ ನಾಲ್ಕು ಭಾಗಗಳಿವೆ: ನಡುವಿನ ಕೋಲು, ಕೋಲಿನ ಮೇಲೆ ಜಾರುವ ಬಳೆ, ಬಟ್ಟೆಯನ್ನು ಹೊತ್ತ ಉದ್ದ ಕಡ್ಡಿ, ಬಳೆಯಿಂದ ಕಡ್ಡಿಗೆ ಹೋಗುವ ಆಸರೆ ಕಡ್ಡಿ. ಕೂಡುವ ಜಾಗಗಳೂ ನಾಲ್ಕು: ನೆತ್ತಿಯಲ್ಲಿ ಒಂದು ಕೀಲು, ಕಡ್ಡಿಗೂ ಆಸರೆಗೂ ನಡುವೆ ಒಂದು, ಆಸರೆಗೂ ಬಳೆಗೂ ನಡುವೆ ಒಂದು, ಮತ್ತು ಕೋಲಿನ ಮೇಲೆ ಬಳೆಯ ಜಾರುವಿಕೆ. ಒಂದೇ ಸಮತಲದಲ್ಲಿ ಚಲಿಸುವ ಯಂತ್ರಕ್ಕೆ ಒಂದು ಲೆಕ್ಕವಿದೆ. ಭಾಗಗಳ ಸಂಖ್ಯೆಯಿಂದ ಒಂದನ್ನು ಕಳೆದು ಮೂರರಿಂದ ಗುಣಿಸಬೇಕು, ಕೂಡುವ ಜಾಗಗಳ ಎರಡರಷ್ಟನ್ನು ಅದರಿಂದ ಕಳೆಯಬೇಕು. ಇಲ್ಲಿ ಒಂಬತ್ತರಿಂದ ಎಂಟು ಕಳೆದರೆ ಉಳಿಯುವುದು ಒಂದು. ಅಂದರೆ ಆ ಯಂತ್ರಕ್ಕೆ ಒಂದೇ ಒಂದು ಚಲನೆಯ ಸ್ವಾತಂತ್ರ್ಯವಿದೆ. ಬಳೆ ಎಲ್ಲಿದೆ ಎಂದು ಗೊತ್ತಾದರೆ ಕಡ್ಡಿ ಎಲ್ಲಿದೆ ಎಂಬುದು ನಿರ್ಧಾರವಾಯಿತು.

ಈಗ ಕಡ್ಡಿಯನ್ನು ತುಂಡು ಮಾಡಿ ಒಂದು ಮಡಿಕೆ ಸೇರಿಸೋಣ. ಬರೀ ತುಂಡು ಸೇರಿಸಿದರೆ ಅದು ತನ್ನಿಷ್ಟಕ್ಕೆ ತೂಗಾಡುತ್ತದೆ. ಅದಕ್ಕಾಗಿ ಅದರ ಜೊತೆಗೊಂದು ತಂತಿಯನ್ನೂ ಕೊಡುತ್ತಾರೆ. ಬೆರಳಿನ ಗಂಟುಗಳನ್ನು ಒಳಗಿನ ಸ್ನಾಯುರಜ್ಜು ಎಳೆದು ನೆಟ್ಟಗೆ ಮಾಡುವಂತೆ, ಈ ತಂತಿ ಹಿಂದಿನ ತುಂಡಿನ ಚಲನೆಯನ್ನು ಮುಂದಿನ ತುಂಡಿಗೆ ಸಾಗಿಸುತ್ತದೆ. ಹೀಗೆ ಪ್ರತಿ ಮಡಿಕೆಗೆ ಎರಡು ಭಾಗಗಳು ಮತ್ತು ಮೂರು ಕೀಲುಗಳು ಹೆಚ್ಚಾಗುತ್ತವೆ. ಲೆಕ್ಕದಲ್ಲಿ ಆರು ಕೂಡಿ ಆರು ಕಳೆಯುತ್ತದೆ, ಸ್ವಾತಂತ್ರ್ಯ ಮತ್ತೆ ಒಂದೇ. ಎಷ್ಟು ಮಡಿಕೆ ಹಾಕಿದರೂ ನಾವು ಬಳೆಯೊಂದನ್ನು ತಳ್ಳಿದರೆ ಸಾಕು, ಇಡೀ ಕೊಡೆ ಅರಳುತ್ತದೆ. ಈ ರಚನೆಯನ್ನು ನಾನು ಬಹಳ ಮೆಚ್ಚುತ್ತೇನೆ.

ಆದರೆ ಇದರ ಬೆಲೆ ಕೀಲುಗಳಲ್ಲಿ ತೆರಬೇಕಾಗುತ್ತದೆ. ಉದ್ದ ಕೊಡೆಯ ಒಂದು ಕಡ್ಡಿಗೆ ಮೂರು ತಿರುಗುವ ಕೀಲುಗಳಾದರೆ, ಮೂರು ತುಂಡಿನ, ಅಂದರೆ ಎರಡು ಕಡೆ ಮಡಚುವ ಕಡ್ಡಿಗೆ ಈ ಲೆಕ್ಕದಂತೆ ಒಂಬತ್ತು. ಎಂಟು ಕಡ್ಡಿಗೆ 24ರ ಜಾಗದಲ್ಲಿ 72. ಪ್ರತಿ ಕೀಲಿನಲ್ಲೂ ಕೂದಲೆಳೆಯಷ್ಟಾದರೂ ಸಡಿಲ ಇರಲೇಬೇಕು, ಇಲ್ಲದಿದ್ದರೆ ಅದು ತಿರುಗುವುದಿಲ್ಲ. ಕಾಗದದ ಲೆಕ್ಕದಲ್ಲಿ ಸ್ವಾತಂತ್ರ್ಯ ಒಂದೇ ಆದರೂ, ಈ ಸಡಿಲಗಳೆಲ್ಲ ಕೂಡಿ ತುದಿಯಲ್ಲಿ ಇನ್ನೊಂದು ಅನಧಿಕೃತ ಸ್ವಾತಂತ್ರ್ಯವಾಗುತ್ತದೆ.

ಮಡಿಕೇರಿಯವರು ಹೇಳಿದ ಕೊಕ್ಕೆಯ ವಿಷಯವೂ ಇಲ್ಲೇ ಇದೆ. ಕೊನೆಯ ತುಂಡು ಇಪ್ಪತ್ತು ಸೆಂಟಿಮೀಟರ್ ಉದ್ದವಿದೆ ಎಂದುಕೊಳ್ಳಿ. ಅದನ್ನು ಎಳೆಯುವ ಕೊಕ್ಕೆ ಕೀಲಿನಿಂದ ಒಂದು ಸೆಂಟಿಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ತುದಿಯಲ್ಲಿ ಗಾಳಿ ಒಂದು ಕಿಲೋ ಭಾರದಷ್ಟು ಒತ್ತಿದರೆ ಕೊಕ್ಕೆಯ ಮೇಲೆ ಬೀಳುವುದು ಅದರ ಇಪ್ಪತ್ತು ಪಟ್ಟು. ತೂತು ಅರ್ಧ ಮಿಲಿಮೀಟರ್ ಸವೆದರೆ ತುದಿ ಹತ್ತು ಮಿಲಿಮೀಟರ್ ಜೋಲುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಜಾಗವನ್ನು ನಿರ್ಧರಿಸುವುದು ರಚನೆ, ಎಷ್ಟು ಬೇಗ ಕೆಡುತ್ತದೆ ಎಂಬುದನ್ನು ನಿರ್ಧರಿಸುವುದು ತಗಡು.

ನಾಪೋಕ್ಲು_ಹುಡುಗ:

ಸರ್, ಹಾಗಾದರೆ ಕೊಕ್ಕೆಯನ್ನು ಕೀಲಿನಿಂದ ಇನ್ನೂ ದೂರ ಇಡಬಹುದಲ್ಲ? ಎರಡು ಸೆಂಟಿಮೀಟರ್ ಇಟ್ಟರೆ ಬಲ ಅರ್ಧಕ್ಕೆ ಇಳಿಯುತ್ತದೆ.

ಕುಶಾಲನಗರದ_ಮೇಷ್ಟ್ರು:

ಒಳ್ಳೆಯ ಪ್ರಶ್ನೆ. ಬಲ ಅರ್ಧಕ್ಕೆ ಇಳಿಯುವುದು ನಿಜ. ಆದರೆ ಕೊಡೆ ಮಡಚಿದಾಗ ಆ ಹೆಚ್ಚಿನ ಚಾಚು ಕಡ್ಡಿಯ ಸಾಲಿನಿಂದ ಹೊರಗೆ ನಿಲ್ಲುತ್ತದೆ. ಎಂಟು ಕಡ್ಡಿಗಳಿಗೂ ಹಾಗಾದರೆ ಮಡಚಿದ ಕಟ್ಟು ದಪ್ಪವಾಗುತ್ತದೆ, ಬಟ್ಟೆಗೂ ತಾಗಿ ತೂತು ಮಾಡುತ್ತದೆ. ಕಡ್ಡಿ ತೆಳ್ಳಗಿರಬೇಕು ಎಂಬ ಒತ್ತಾಯವೇ ಆ ಕೊಕ್ಕೆಯನ್ನು ಕೀಲಿನ ಹತ್ತಿರಕ್ಕೆ ತಳ್ಳಿದೆ.

ಗೋಣಿಕೊಪ್ಪ_ರಿಪೇರಿ:

ಮೇಷ್ಟ್ರು ಹೇಳಿದ್ದನ್ನು ನಾನು ಕೈಯಿಂದ ಬಲ್ಲೆ. ನಮ್ಮ ತಂದೆ ಮಳೆಗಾಲದಲ್ಲಿ ಸಂತೆಗಳಲ್ಲಿ ಕೂತು ಕೊಡೆ ರಿಪೇರಿ ಮಾಡುತ್ತಿದ್ದರು. ನಾನು ಬೇರೆ ಕೆಲಸದಲ್ಲಿದ್ದರೂ ಅಕ್ಕಪಕ್ಕದವರ ಕೊಡೆಗಳು ಇಂದಿಗೂ ನಮ್ಮ ಜಗಲಿಗೇ ಬರುತ್ತವೆ. ಬರುವ ಕೊಡೆಗಳಲ್ಲಿ ಹೆಚ್ಚಿನವಕ್ಕೆ ಎರಡೇ ರೋಗ. ಒಂದು, ಈ ಕೊಕ್ಕೆ. ಇನ್ನೊಂದು, ಕಡ್ಡಿಯ ತುದಿಯಿಂದ ಬಟ್ಟೆಯ ಹೊಲಿಗೆ ಬಿಡುವುದು.

ಎರಡನೆಯದನ್ನು ಜನ ಸಣ್ಣದೆಂದು ಬಿಡುತ್ತಾರೆ. ಅದು ಸಣ್ಣದಲ್ಲ. ಕೊಡೆಯ ಬಟ್ಟೆ ಬರೀ ನೀರು ತಡೆಯುವ ಹೊದಿಕೆ ಎಂದು ತಿಳಿಯಬಾರದು. ಎಂಟು ಕಡ್ಡಿಗಳನ್ನೂ ಸುತ್ತ ಬಿಗಿಯಾಗಿ ಎಳೆದು ಬಾಗಿಸಿ ಹಿಡಿದಿರುವುದು ಅದೇ ಬಟ್ಟೆ. ಒಂದು ತುದಿ ಕಳಚಿತೆಂದರೆ ಆ ಕಡ್ಡಿ ನೆಟ್ಟಗಾಗಿ ನಿಂತುಬಿಡುತ್ತದೆ, ಅದರ ಎಡಬಲದ ಕಡ್ಡಿಗಳಿಗೆ ಒಂದೇ ಪಕ್ಕದಿಂದ ಸೆಳೆತ ಬೀಳುತ್ತದೆ. ಕಡ್ಡಿಯ ಕೀಲುಗಳು ಮೇಲೆ ಕೆಳಗೆ ಮಡಚುವುದಕ್ಕೆ ಮಾಡಿದವು, ಪಕ್ಕಕ್ಕೆ ತಿರುಚುವುದಕ್ಕಲ್ಲ. ಎರಡು ಮೂರು ಮಳೆಗೆ ಆ ಪಕ್ಕದ ಕಡ್ಡಿಯೂ ಹೋಗುತ್ತದೆ. ಐದು ನಿಮಿಷದ ಸೂಜಿ ಕೆಲಸವನ್ನು ಮುಂದಕ್ಕೆ ಹಾಕಿ ಇಡೀ ಕೊಡೆ ಕಳೆದುಕೊಂಡವರನ್ನು ನಾನು ತುಂಬ ನೋಡಿದ್ದೇನೆ.

ಇನ್ನೊಂದು ಮಾತು. ಉದ್ದ ಕೊಡೆಯ ನೆತ್ತಿಯಲ್ಲಿ ಎಲ್ಲ ಕಡ್ಡಿಗಳನ್ನೂ ಒಂದೇ ತಂತಿಯ ಸುತ್ತಿನಿಂದ ಪೋಣಿಸಿರುತ್ತಾರೆ. ತಂತಿ ಬಿಚ್ಚಿದರೆ ಯಾವ ಕಡ್ಡಿಯನ್ನಾದರೂ ಹೊರತೆಗೆದು ಬದಲಿಸಬಹುದು. ಮಡಚುವ ಕೊಡೆಯ ನಡುಗೀಲುಗಳನ್ನೆಲ್ಲ ಯಂತ್ರದಲ್ಲಿ ರಿವೆಟ್ ಹೊಡೆದು ಮುಚ್ಚಿರುತ್ತಾರೆ. ರಿವೆಟ್ ಕೊರೆದು ತೆಗೆದರೆ ಆ ತೆಳು ತಗಡೇ ಹರಿಯುತ್ತದೆ. ರಿಪೇರಿಯವರು ಸಂತೆಗಳಲ್ಲಿ ಕಡಿಮೆಯಾಗಿರುವುದಕ್ಕೆ ಇದೂ ಒಂದು ಕಾರಣವೆಂದು ನನಗೆ ಬೇಸರವಿದೆ.

ಸೋಮವಾರಪೇಟೆ_ಕಾಫಿ:

ನಾನು ಹೇಳಿದ್ದನ್ನೇ ನೀವೂ ಹೇಳುತ್ತಿದ್ದೀರಿ. ಉದ್ದ ಕೊಡೆ ರಿಪೇರಿಯಾಗುತ್ತದೆ.

ಹಳೆಪುಸ್ತಕ:

ಇತಿಹಾಸದ ಎರಡು ಸಂಗತಿಗಳನ್ನು ಸೇರಿಸುತ್ತೇನೆ, ಏಕೆಂದರೆ ಅವು ರಚನೆಯ ಪ್ರಶ್ನೆಗೇ ಸಂಬಂಧಿಸಿವೆ. ಮಡಚುವ ಕೊಡೆಯ ಆಸೆ ಹೊಸತಲ್ಲ. ಪ್ಯಾರಿಸ್‌ನಲ್ಲಿ ಕೈಚೀಲಗಳನ್ನು ಮಾಡುತ್ತಿದ್ದ ಜಾನ್ ಮಾರಿಯಸ್ ಎಂಬಾತ 1710ರ ಸುಮಾರಿಗೇ ಮಡಚಿ ಒಯ್ಯುವ ಕೊಡೆಯನ್ನು ಮಾಡಿ ಫ್ರೆಂಚ್ ದೊರೆ ಹದಿನಾಲ್ಕನೆಯ ಲೂಯಿಯಿಂದ ಅದರ ತಯಾರಿಕೆಯ ಹಕ್ಕು ಪಡೆದಿದ್ದ. ಆದರೆ ಹಗುರವಾದ ಕಡ್ಡಿ ಸಿಗುವವರೆಗೆ ಆ ವಿಚಾರ ದೂರ ಸಾಗಲಿಲ್ಲ.

1852ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಫಾಕ್ಸ್ ಉಕ್ಕಿನ ಕಡ್ಡಿಯನ್ನು ಗುಂಡಗೆ ಮಾಡದೆ ಉದ್ದಕ್ಕೂ ತೋಡಿದ ತೊಟ್ಟಿಯಂತೆ ಮಾಡಿದ. ಕಡಿಮೆ ಲೋಹದಲ್ಲಿ ಹೆಚ್ಚು ಗಡಸು ಸಿಕ್ಕಿತು. ಅದಕ್ಕಿಂತ ಮುಖ್ಯವಾಗಿ, ಮಡಚಿದಾಗ ಒಂದು ಕಡ್ಡಿ ಇನ್ನೊಂದರ ತೋಡಿನೊಳಗೆ ಹೋಗಿ ಕೂರುವಂತಾಯಿತು. ಇಂದಿನ ಮೂರು ಮಡಿಕೆಯ ಕೊಡೆಯನ್ನು ಮುಚ್ಚಿ ಕಡ್ಡಿಯ ಕಡೆಯಿಂದ ನೋಡಿ, ಆ ತೋಡು ಇಲ್ಲದಿದ್ದರೆ ಆ ಕಟ್ಟು ಈಗಿರುವ ದಪ್ಪಕ್ಕೆ ಬರುವುದೇ ಇಲ್ಲ. ಕೋಲನ್ನು ದುರ್ಬೀನಿನಂತೆ ಒಂದರೊಳಗೊಂದು ಸೇರಿಸಿ, ಚೀಲಕ್ಕೆ ಹಿಡಿಯುವ ಕೊಡೆಯನ್ನು 1928ರಲ್ಲಿ ಜರ್ಮನಿಯ ಹಾನ್ಸ್ ಹೌಪ್ಟ್ ರೂಪಿಸಿದ. ಅದು ‘ಕ್ನಿರ್ಪ್ಸ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು, ಆ ಹೆಸರು ಇಂದಿಗೂ ಇದೆ.

ಬೆಳಗಿನ_ಬಸ್ಸು:

ಬಹಳ ಉಪಯುಕ್ತ ಮಾಹಿತಿ. ಆದರೆ ಕೋಲಿನ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಕೊಡೆಗಳು ಕಡ್ಡಿಗಿಂತ ಮೊದಲು ಕೋಲಿನಲ್ಲೇ ಕೆಡುತ್ತವೆ. ಬಿಚ್ಚಿದ ಮೇಲೆ ಕೊಡೆ ತಲೆಯಾಡಿಸುತ್ತದೆ, ಗಾಳಿ ಬಂದರೆ ಕೋಲು ತಾನಾಗಿ ಒಳಕ್ಕೆ ಸರಿದು ಕೊಡೆ ನನ್ನ ತಲೆಯ ಮೇಲೆಯೇ ಕೂರುತ್ತದೆ.

ಕುಶಾಲನಗರದ_ಮೇಷ್ಟ್ರು:

ಮೇಡಂ, ಎರಡೂ ಬೇರೆ ಬೇರೆ ದೋಷಗಳು. ತಲೆಯಾಡಿಸುವುದು ಒಂದು ಕೊಳವೆ ಇನ್ನೊಂದರೊಳಗೆ ಎಷ್ಟು ಉದ್ದ ಉಳಿದಿದೆ ಎಂಬುದರಿಂದ. ಮಡಚಿದಾಗ ಗಿಡ್ಡವಾಗಬೇಕು, ಬಿಚ್ಚಿದಾಗ ಉದ್ದವಾಗಬೇಕು ಎಂದರೆ ಒಳಗೆ ಉಳಿಯುವ ಭಾಗವನ್ನು ಕಡಿಮೆ ಮಾಡಲೇಬೇಕು. ಆ ಭಾಗ ಚಿಕ್ಕದಾದಷ್ಟೂ ಅದೇ ಸಡಿಲ ಹೆಚ್ಚು ಓಲಾಟವಾಗಿ ಕಾಣುತ್ತದೆ. ತಾನಾಗಿ ಒಳಸರಿಯುವುದು ಕೊಳವೆಯ ಗೋಡೆಯಿಂದ ಹೊರಕ್ಕೆ ಚಿಮ್ಮಿ ನಿಲ್ಲುವ ಪುಟ್ಟ ಗುಂಡಿಯಿಂದ. ಅದರ ಹಿಂದಿನ ಸ್ಪ್ರಿಂಗ್ ತುಕ್ಕು ಹಿಡಿದು ಸೋತಿರುತ್ತದೆ, ಅಥವಾ ಅದು ಕೂರುವ ತೂತಿನ ಅಂಚು ಸವೆದಿರುತ್ತದೆ.

ಕೊಳ್ಳುವಾಗ ಹಿಡಿಯ ಪಕ್ಕದ ಕೊಳವೆಯನ್ನು ಗಮನಿಸಿ. ಗಾಳಿ ಮೇಲೆ ತಳ್ಳುತ್ತದೆ, ಕೈ ಕೆಳಗೆ ಹಿಡಿದಿರುತ್ತದೆ, ಆದ್ದರಿಂದ ಕೋಲನ್ನು ಬಗ್ಗಿಸುವ ಶಕ್ತಿ ಕೈಯ ಹತ್ತಿರವೇ ಅತಿ ಹೆಚ್ಚು. ಹಿಡಿಯ ಬಳಿಯ ಕೊಳವೆಯೇ ಎಲ್ಲಕ್ಕಿಂತ ಸಣ್ಣದಾಗಿದ್ದರೆ, ಅತಿ ಹೆಚ್ಚು ಹೊರೆ ಅತಿ ತೆಳುವಾದ ಭಾಗಕ್ಕೆ ಬಿದ್ದಂತಾಯಿತು. ತಗಡಿನ ದಪ್ಪ ಒಂದೇ ಇದ್ದರೆ ಹತ್ತು ಮಿಲಿಮೀಟರಿನ ಕೊಳವೆಗಿಂತ ಹದಿನಾಲ್ಕು ಮಿಲಿಮೀಟರಿನದು ಬಾಗದೆ ನಿಲ್ಲುವುದರಲ್ಲಿ ಎರಡೂವರೆ ಪಟ್ಟಿಗಿಂತ ಹೆಚ್ಚು ಗಟ್ಟಿ.

ಶನಿವಾರಸಂತೆ_ಸುರಗಿ:

ಫೈಬರ್ ಕಡ್ಡಿಯ ಕೊಡೆ ಕೊಂಡರೆ ಈ ಎಲ್ಲ ಸಮಸ್ಯೆಗಳೂ ಮುಗಿಯುತ್ತವೆ. ಗಾಜಿನ ನಾರಿನ ಕಡ್ಡಿ ಉಕ್ಕಿಗಿಂತ ಗಟ್ಟಿ.

ಗೋಣಿಕೊಪ್ಪ_ರಿಪೇರಿ:

ಗಟ್ಟಿ ಎಂಬುದನ್ನು ಒಪ್ಪಲಾರೆ. ಬಗ್ಗಿಸಿ ನೋಡಿ, ಉಕ್ಕಿಗಿಂತ ಬಹಳ ಸುಲಭವಾಗಿ ಬಾಗುತ್ತದೆ.

ಶನಿವಾರಸಂತೆ_ಸುರಗಿ:

ಬಾಗುತ್ತದೆ, ಆದರೆ ಮುರಿಯುವುದಿಲ್ಲವಲ್ಲ. ನಾನು ಹೇಳಿದ್ದು ಅದನ್ನೇ.

ಕುಶಾಲನಗರದ_ಮೇಷ್ಟ್ರು:

ಇಬ್ಬರೂ ಬೇರೆ ಬೇರೆ ಗುಣಗಳ ಬಗ್ಗೆ ವಾದಿಸುತ್ತಿದ್ದೀರಿ. ಬಾಗದೆ ನಿಲ್ಲುವ ಗುಣದಲ್ಲಿ ಗಾಜಿನ ನಾರಿನ ಕಡ್ಡಿ ಉಕ್ಕಿನ ಐದನೆಯ ಒಂದು ಭಾಗದಷ್ಟಿರುತ್ತದೆ, ಅಲ್ಯುಮಿನಿಯಂ ಮೂರನೆಯ ಒಂದು ಭಾಗದಷ್ಟು. ಆದರೆ ಬಾಗಿದ ಮೇಲೆ ಮೊದಲಿನ ರೂಪಕ್ಕೆ ಮರಳುವ ಗುಣದಲ್ಲಿ ಗಾಜಿನ ನಾರು ಬಹಳ ಮುಂದು. ತೆಳು ಉಕ್ಕಿನ ತೋಡುಕಡ್ಡಿ ಒಂದು ಮಿತಿ ದಾಟಿದರೆ ಮಡಿಚಿಕೊಂಡು ಹಾಗೆಯೇ ಉಳಿಯುತ್ತದೆ, ಗಾಜಿನ ನಾರು ಹಿಂದಿರುಗುತ್ತದೆ. ಆದ್ದರಿಂದ ಒಳ್ಳೆಯ ಕೊಡೆಗಳಲ್ಲಿ ಒಳಗಿನ ತುಂಡುಗಳು ಲೋಹದವು, ಗಾಳಿಗೆ ಮೊದಲು ಸಿಗುವ ಹೊರತುಂಡು ಗಾಜಿನ ನಾರಿನದು.

ಒಂದು ಎಚ್ಚರಿಕೆಯಿದೆ. ನಾರಿನ ಕಡ್ಡಿಗೆ ತೂತು ಕೊರೆದರೆ ನಾರುಗಳೇ ಕತ್ತರಿಸಿಹೋಗುತ್ತವೆ. ಹಾಗಾಗಿ ಅದರ ಬುಡಕ್ಕೆ ಲೋಹದ ಅಥವಾ ಪ್ಲಾಸ್ಟಿಕ್ಕಿನ ಟೊಪ್ಪಿ ತೊಡಿಸಿ ಕೀಲನ್ನು ಅದರಲ್ಲಿ ಮಾಡುತ್ತಾರೆ. ಕಡ್ಡಿ ಉಳಿದು ಟೊಪ್ಪಿ ಸೀಳುವುದನ್ನು ನೀವು ನೋಡಿರುತ್ತೀರಿ. ಕೊಳ್ಳುವಾಗ ಕಡ್ಡಿಗಿಂತ ಮೊದಲು ಆ ಟೊಪ್ಪಿಯನ್ನು ನೋಡಬೇಕು.

ಕಕ್ಕಡದ_ಕಾರ್ಮೋಡ:

ನಾನು ಭಾಗಮಂಡಲದ ಕಡೆಯವನು. ನಮ್ಮಲ್ಲಿ ಗಾಳಿ ಎದುರಿನಿಂದ ಬರುವುದಕ್ಕಿಂತ ಕೆಳಗಿನಿಂದ ಬರುವುದು ಹೆಚ್ಚು. ಪಶ್ಚಿಮದಿಂದ ಬಂದ ಗಾಳಿ ಬೆಟ್ಟಕ್ಕೆ ಬಡಿದು ಇಳಿಜಾರಿನ ಮೇಲೇರಿ ಬರುತ್ತದೆ. ರಸ್ತೆಯ ಅಂಚಿನಲ್ಲಿ ನಡೆಯುವಾಗ ಕಣಿವೆಯ ಕಡೆಯಿಂದ ನೇರವಾಗಿ ಕೊಡೆಯ ಒಳಕ್ಕೆ ನುಗ್ಗುತ್ತದೆ. ಕೊಡೆಯನ್ನು ಗಾಳಿಗೆ ಎದುರಾಗಿ ಓರೆ ಹಿಡಿಯಿರಿ ಎಂಬ ಬಯಲುಸೀಮೆಯ ಸಲಹೆ ಅಲ್ಲಿ ನಡೆಯುವುದಿಲ್ಲ. ಆ ಗಾಳಿಯ ಬಲ ಎಷ್ಟಿರಬಹುದು, ಮೇಷ್ಟ್ರೇ?

ಕುಶಾಲನಗರದ_ಮೇಷ್ಟ್ರು:

ಅಂದಾಜು ಹೇಳಬಲ್ಲೆ. ಬಿಚ್ಚಿದಾಗ ಒಂದು ಮೀಟರ್ ಅಗಲದ ಕೊಡೆಯ ಒಳಬದಿಗೆ ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ನೇರವಾಗಿ ಬಡಿದರೆ ಸುಮಾರು ಆರು ಕಿಲೋ ಭಾರದಷ್ಟು ಬಲ ಬೀಳುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟಾಗುತ್ತದೆ, ಅಂದರೆ 72 ಕಿಲೋಮೀಟರಿಗೆ ಇಪ್ಪತ್ತನಾಲ್ಕು ಕಿಲೋ. ಅಷ್ಟು ಹೊರೆಯನ್ನು ಕೆಲವೇ ನೂರು ಗ್ರಾಮಿನ ಕೊಡೆ ಎದುರಿಸಿ ನಿಲ್ಲಬೇಕೆಂದು ಕೇಳುವುದು ಸರಿಯಲ್ಲ. ಆದ್ದರಿಂದ ಜಾಣ ವಿನ್ಯಾಸಕರು ಎದುರಿಸುವುದನ್ನು ಬಿಟ್ಟು ಮಣಿಯುವ ದಾರಿ ಹಿಡಿದಿದ್ದಾರೆ. ನೆತ್ತಿಯ ಬಳಿ ಬಟ್ಟೆಯನ್ನು ಎರಡು ಪದರ ಮಾಡಿ ನಡುವೆ ಗಾಳಿಗೆ ದಾರಿ ಬಿಡುವುದು ಒಂದು ಬಗೆ. ಕಡ್ಡಿ ಮುರಿಯದೆ ಮೇಲಕ್ಕೆ ತಿರುಗಿ ಮತ್ತೆ ಮರಳುವಂತೆ ಕೀಲುಗಳನ್ನು ಮಾಡುವುದು ಇನ್ನೊಂದು ಬಗೆ. ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ರೂಪುಗೊಂಡ ‘ಸೆನ್ಜ್’ ಎಂಬ ಕೊಡೆಯಲ್ಲಿ ಕೋಲನ್ನು ನಡುವಿನಲ್ಲಿ ಇಡದೆ ಒಂದು ಪಕ್ಕಕ್ಕೆ ಸರಿಸಿ, ಕೊಡೆ ತಾನಾಗಿ ಗಾಳಿಗೆ ಅನುಕೂಲವಾಗಿ ತಿರುಗುವಂತೆ ಮಾಡಿದ್ದಾರೆ.

ಗೋಣಿಕೊಪ್ಪ_ರಿಪೇರಿ:

ಕೊಡೆ ಮೇಲ್ಮುಖವಾಗಿ ತಿರುಗಿದಾಗ ದಯವಿಟ್ಟು ಯಾರೂ ಬಟ್ಟೆಯ ಅಂಚು ಹಿಡಿದು ಎಳೆಯಬೇಡಿ. ಒಂದು ಕಡ್ಡಿಯನ್ನು ಎಳೆದರೆ ಆ ಕೊಕ್ಕೆಯೇ ಮೊದಲು ಕಿತ್ತು ಬರುತ್ತದೆ. ಗಾಳಿಗೆ ಬೆನ್ನು ಮಾಡಿ ನಿಂತು, ಬಳೆಯನ್ನು ಕೆಳಕ್ಕೆ ಎಳೆದು ಕೊಡೆ ಮುಚ್ಚಿ. ಎಲ್ಲ ಕಡ್ಡಿಗಳೂ ಒಟ್ಟಿಗೇ ತಮ್ಮ ಜಾಗಕ್ಕೆ ಬರುತ್ತವೆ.

ನಾಪೋಕ್ಲು_ಹುಡುಗ:

ಬಟನ್ ಒತ್ತಿದರೆ ಬಿಚ್ಚಿ, ಮತ್ತೆ ಒತ್ತಿದರೆ ಮುಚ್ಚುವ ಕೊಡೆಗಳ ಬಗ್ಗೆಯೂ ತಿಳಿಸಿ. ಕಾಲೇಜಿನಲ್ಲಿ ಎಲ್ಲರ ಬಳಿಯೂ ಅದೇ ಇದೆ.

ಬೆಳಗಿನ_ಬಸ್ಸು:

ಬಸ್ಸು ಹತ್ತುವಾಗ ಒಂದೇ ಕೈಯಲ್ಲಿ ಮುಚ್ಚಲು ಅದು ನಿಜಕ್ಕೂ ಅನುಕೂಲ. ಆದರೆ ಪುನಃ ಗಿಡ್ಡ ಮಾಡುವಾಗ ಎದೆಗೆ ಒತ್ತಿ ಬಲ ಹಾಕಬೇಕು. ನಮ್ಮ ಶಾಲೆಯ ಚಿಕ್ಕ ಮಕ್ಕಳ ಕೈಲಿ ಅದು ಆಗುವುದೇ ಇಲ್ಲ.

ಕುಶಾಲನಗರದ_ಮೇಷ್ಟ್ರು:

ಆ ಬಲವೇ ಅದರ ಬಂಡವಾಳ. ನೀವು ಕೋಲನ್ನು ಒಳಕ್ಕೆ ಒತ್ತುವಾಗ ಕೊಳವೆಯೊಳಗಿನ ಉದ್ದ ಸ್ಪ್ರಿಂಗನ್ನು ಅದುಮಿ ಬೀಗ ಹಾಕುತ್ತೀರಿ. ಮುಂದಿನ ಸಲ ಬಟನ್ ಒತ್ತಿದಾಗ ಆ ಶಕ್ತಿಯೇ ಕೋಲನ್ನು ಚಾಚಿ ಕಡ್ಡಿಗಳನ್ನು ಅರಳಿಸುತ್ತದೆ. ಮುಚ್ಚುವುದಕ್ಕೆ ಕಡ್ಡಿಗಳ ಮೇಲಿನ ಪುಟ್ಟ ಸ್ಪ್ರಿಂಗುಗಳು ಬೇರೆ ಇರುತ್ತವೆ, ಅವು ಕೊಡೆ ಬಿಚ್ಚುವಾಗ ಎಳೆಯಲ್ಪಟ್ಟಿರುತ್ತವೆ. ಮುಚ್ಚುವ ಬಟನ್ ಒತ್ತಿದಾಗ ಬಟ್ಟೆ ಮುಚ್ಚಿಕೊಳ್ಳುತ್ತದೆ, ಕೋಲು ಮಾತ್ರ ಉದ್ದವಾಗಿಯೇ ಉಳಿಯುತ್ತದೆ. ಅದನ್ನು ಒಳಕ್ಕೆ ಒತ್ತುವ ಕೆಲಸ ಮತ್ತೆ ನಮ್ಮದೇ.

ಒತ್ತುವಾಗ ಅರ್ಧದಲ್ಲಿ ಕೈ ಜಾರಿದರೆ ಹಿಡಿ ರಭಸದಿಂದ ಹೊರಚಿಮ್ಮುತ್ತದೆ. ಮುಖದ ಎದುರಿಗೆ ಹಿಡಿದು ಒತ್ತಬಾರದು, ಮಕ್ಕಳ ಕೈಗೆ ಅಂಥ ಕೊಡೆ ಕೊಡಬಾರದು. ಅರ್ಧದಲ್ಲಿ ಬಿಟ್ಟರೂ ಹಾಗೆಯೇ ನಿಲ್ಲುವಂತೆ ಒಳಗೆ ತಡೆ ಇಟ್ಟ ಕೊಡೆಗಳೂ ಇವೆ, ಬಟನ್ ಕೊಡೆಯೇ ಬೇಕೆಂದರೆ ಅಂಥದ್ದನ್ನು ಕೇಳಿ ಕೊಳ್ಳಿ.

ಸೋಮವಾರಪೇಟೆ_ಕಾಫಿ:

ಮಳೆ ತಡೆಯುವ ವಸ್ತುವಿನೊಳಗೆ ಇಷ್ಟೊಂದು ಸ್ಪ್ರಿಂಗುಗಳಿದ್ದರೆ, ನಮ್ಮ ತೇವಕ್ಕೆ ಅವು ಎಷ್ಟು ದಿನ ಬಾಳುತ್ತವೆ? ಜುಲೈಯಲ್ಲಿ ಬೀರುವಿನೊಳಗಿನ ಚರ್ಮದ ಬೆಲ್ಟಿಗೇ ಬೂಸ್ಟು ಬರುವ ಊರು ನಮ್ಮದು. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ.

ಕಕ್ಕಡದ_ಕಾರ್ಮೋಡ:

ಇದು ಸರಿಯಾದ ಪ್ರಶ್ನೆ. ಒದ್ದೆ ಕೊಡೆಯನ್ನು ಅದರ ಚೀಲಕ್ಕೆ ತುರುಕಿ ರಾತ್ರಿಯಿಡೀ ಬಿಡುವುದೇ ನಮ್ಮಲ್ಲಿ ಕೊಡೆಗಳ ಆಯುಷ್ಯ ಕಳೆಯುವ ಮೊದಲ ಕಾರಣ. ರಿವೆಟ್‌ಗಳ ಸುತ್ತ ನೀರು ನಿಂತು, ತುಕ್ಕಿನ ಪುಡಿಯೇ ಕೀಲಿನೊಳಗೆ ಮರಳು ಕಾಗದದಂತೆ ಉಜ್ಜುತ್ತದೆ. ಮೊದಲ ಪೋಸ್ಟಿನಲ್ಲಿ ಹೇಳಿದ ಮೊಟ್ಟೆಯಾಕಾರದ ತೂತಿಗೆ ಗಾಳಿಯಷ್ಟೇ ಇದೂ ಕಾರಣವಿರಬೇಕು. ನಮ್ಮ ಮನೆಯಲ್ಲಿ ಸಂಜೆ ಬಂದ ಕೂಡಲೇ ಕೊಡೆಗಳನ್ನು ಒಲೆಯ ಕೋಣೆಯ ಪಕ್ಕದ ಜಗಲಿಯಲ್ಲಿ ಅರ್ಧ ಬಿಚ್ಚಿ ಇಡುತ್ತೇವೆ. ಪೂರ್ತಿ ಬಿಚ್ಚಿಟ್ಟರೆ ಒದ್ದೆ ಬಟ್ಟೆಯ ಹೊಲಿಗೆಗೆ ರಾತ್ರಿಯಿಡೀ ಸೆಳೆತ ಬೀಳುತ್ತದೆ.

ಗೋಣಿಕೊಪ್ಪ_ರಿಪೇರಿ:

ಮಳೆಗಾಲದ ಆರಂಭದಲ್ಲಿ ಪ್ರತಿ ಕೀಲಿಗೂ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಡಬೇಕು, ಹೆಚ್ಚಾದದ್ದನ್ನು ಒರೆಸಬೇಕು. ತೆಂಗಿನೆಣ್ಣೆ ಬೇಡ, ತಣ್ಣಗಿನ ದಿನಗಳಲ್ಲಿ ಗಟ್ಟಿಯಾಗಿ ಧೂಳು ಹಿಡಿಯುತ್ತದೆ.

ಶನಿವಾರಸಂತೆ_ಸುರಗಿ:

ಐದು ಮಡಿಕೆಯ ಕೊಡೆಯ ಪ್ರಶ್ನೆ ಉಳಿದುಹೋಯಿತು. ನನ್ನ ತಂಗಿ ಕೇರಳದ ಆಲಪ್ಪುಳದಲ್ಲಿ ತಯಾರಾದ ಒಂದನ್ನು ಕೊಂಡಿದ್ದಾಳೆ. ಮಡಚಿದರೆ ಕನ್ನಡಕದ ಪೆಟ್ಟಿಗೆಯಷ್ಟೇ ಇದೆ. ಸಣ್ಣ ಮಳೆಗೆ ಯಾವ ತೊಂದರೆಯೂ ಆಗಿಲ್ಲ.

ಕುಶಾಲನಗರದ_ಮೇಷ್ಟ್ರು:

ಸಣ್ಣ ಮಳೆಗೆ ಅದು ಸರಿಯಾದ ಕೊಡೆಯೇ, ಅದನ್ನು ಹೀಗಳೆಯಬೇಕಾಗಿಲ್ಲ. ಎರಡು ಮಡಿಕೆಯದು ಮಡಚಿದಾಗ ಮೊಳದ ಹತ್ತಿರ ಇದ್ದರೆ, ಮೂರು ಮಡಿಕೆಯದು 24ರಿಂದ 30 ಸೆಂಟಿಮೀಟರ್ ಇರುತ್ತದೆ, ಐದು ಮಡಿಕೆಯದು 20ಕ್ಕಿಂತ ಕೆಳಗೆ ಬರುತ್ತದೆ. ಹಾಗೆ ಇಳಿಸುವುದಕ್ಕೆ ಕೀಲು ಮತ್ತು ಕೊಳವೆಗಳನ್ನು ಹೆಚ್ಚಿಸುವುದರ ಜೊತೆಗೆ ಕಡ್ಡಿಗಳನ್ನೂ ಹಲವು ಸಲ ಎಂಟರಿಂದ ಆರಕ್ಕೆ ಇಳಿಸುತ್ತಾರೆ. ಇದರಿಂದ ಇನ್ನೊಂದು ನಷ್ಟವಿದೆ. ಕಡ್ಡಿಯ ಉದ್ದ ಒಂದೇ ಇದ್ದರೂ ಎಂಟು ಮೂಲೆಯ ಕೊಡೆ ಪೂರ್ಣ ವೃತ್ತದ ನೂರಕ್ಕೆ 90 ಭಾಗವನ್ನು ಮುಚ್ಚಿದರೆ, ಆರು ಮೂಲೆಯದು 83 ಭಾಗವನ್ನಷ್ಟೇ ಮುಚ್ಚುತ್ತದೆ. ಕಡ್ಡಿಗಳ ನಡುವಿನ ಬಟ್ಟೆಯ ಹರವು ಹೆಚ್ಚಾಗುವುದರಿಂದ ಗಾಳಿಗೆ ಅದು ಪಟಪಟನೆ ಬಡಿದುಕೊಳ್ಳುತ್ತದೆ, ಒಂದೊಂದು ಕಡ್ಡಿಗೂ ಹೊರೆ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಏರುತ್ತದೆ. ಚೀಲದಲ್ಲಿ ಯಾವಾಗಲೂ ಇರಲಿ ಎಂದು ಇಟ್ಟುಕೊಳ್ಳುವುದಕ್ಕೆ ಅದು ಒಳ್ಳೆಯದು. ಜುಲೈಯಲ್ಲಿ ಮಡಿಕೇರಿಯ ಕೋಟೆಯ ಪಕ್ಕದ ಏರಿನಲ್ಲಿ ನಡೆಯುವುದಕ್ಕೆ ಅಲ್ಲ.

ಮಡಿಕೇರಿ_ಮಳೆಗಾಲ:

ಎಲ್ಲರಿಗೂ ಕೃತಜ್ಞತೆಗಳು. ಎರಡು ಮಡಿಕೆ, ಎಂಟು ಕಡ್ಡಿ, ಹೊರತುಂಡು ಗಾಜಿನ ನಾರಿನದು, ಬಟನ್ ಇಲ್ಲದ್ದು. ಇಂಥದ್ದನ್ನೇ ಶುಕ್ರವಾರದ ಸಂತೆಯ ದಿನ ಹುಡುಕುತ್ತೇನೆ. ಗೋಣಿಕೊಪ್ಪದವರಲ್ಲಿ ಒಂದು ಪ್ರಶ್ನೆ. ಈಗಿರುವ ಕೊಡೆಗಳ ಸವೆದ ಕೊಕ್ಕೆಗೆ ಏನಾದರೂ ಮಾಡಬಹುದೇ? ತಾಮ್ರದ ತಂತಿ ಸುತ್ತಿ ನೋಡೋಣವೆಂದಿದ್ದೇನೆ.

ಬೆಳಗಿನ_ಬಸ್ಸು:

ಎರಡು ಮಡಿಕೆಯದು ನನ್ನ ಚೀಲಕ್ಕೆ ಹಿಡಿಯುವುದಿಲ್ಲ, ನಾನು ಮೂರು ಮಡಿಕೆಯಲ್ಲೇ ದಪ್ಪ ಕೊಳವೆಯದನ್ನು ನೋಡುತ್ತೇನೆ. ಕೊಕ್ಕೆಯ ಉತ್ತರಕ್ಕೆ ನಾನೂ ಕಾಯುತ್ತಿದ್ದೇನೆ.

ಗೋಣಿಕೊಪ್ಪ_ರಿಪೇರಿ:

ತಾಮ್ರ ಬೇಡ, ಮೆತ್ತಗಿನ ಲೋಹ, ಒಂದು ವಾರದಲ್ಲಿ ಚಾಚಿಕೊಳ್ಳುತ್ತದೆ. ಸೈಕಲ್ ಕಡ್ಡಿ ದಪ್ಪವಾಗುತ್ತದೆ. ಮೂಲೆಯಲ್ಲಿರುವ ಸತ್ತ ಕೊಡೆಗಳಲ್ಲಿ ಇದೇ ತಂತಿ ಚೆನ್ನಾಗಿ ಉಳಿದಿರುವ ಕಡ್ಡಿಗಳು ಇರುತ್ತವೆ, ಅದನ್ನೇ ಬಿಡಿಸಿ ತೆಗೆದುಕೊಳ್ಳಿ. ಹಳೆಯ ತಂತಿಯ ಪಕ್ಕದಲ್ಲಿಟ್ಟು ಉದ್ದ ಸರಿಯಾಗಿ ಹೊಂದಿಸಿ, ಒಂದು ಮಿಲಿಮೀಟರ್ ಗಿಡ್ಡವಾದರೂ ಕಡ್ಡಿ ಪೂರ್ತಿ ಮಡಚುವುದಿಲ್ಲ. ತೂತು ಸವೆದಿದ್ದರೆ ಅದರೊಳಗೆ ಬಾಲ್‌ಪೆನ್ ರೀಫಿಲ್ಲಿನ ಸಣ್ಣ ತುಂಡೊಂದನ್ನು ಒಳಕೊಳವೆಯಾಗಿ (ಬುಶ್) ಹಾಕಿ ತಂತಿಯನ್ನು ಅದರ ಮೂಲಕ ತೂರಿಸಿ, ತುದಿಯನ್ನು ಮೊಂಡುಮೂತಿಯ ಇಕ್ಕಳದಿಂದ ನಿಧಾನವಾಗಿ ಬಗ್ಗಿಸಿ. ರೀಫಿಲ್ ತೂರದಷ್ಟು ತೂತು ಚಿಕ್ಕದಾಗಿದ್ದರೆ ವಯರಿನ ಮೇಲಿನ ಪ್ಲಾಸ್ಟಿಕ್ ಸಿಪ್ಪೆಯೂ ಆಗುತ್ತದೆ. ಕೊಕ್ಕೆಯ ಚೂಪು ತುದಿ ಬಟ್ಟೆಯ ಕಡೆಗೆ ತಿರುಗಿರಬಾರದು.